ಯಾರ ಎದುರು ಆಡಿದ್ದಾನೆ?

ವೇದಿಕೆಯ ಮೇಲಿರುವ ವೆಸ್ಟರ್‌ಡಾಲ್ ಕಾಲೇಜಿನ ಅಧ್ಯಕ್ಷೆ ಡಾಕ್ಟರ್ ಪ್ರಿಸಿಲ್ಲಾ ಹ್ಯೂಬರ್ ಅವರೇ, ಊಟಕ್ಕೆ ಮೊದಲು ಹೇಳಿದ ಪ್ರಾರ್ಥನೆಯನ್ನು ತಟ್ಟೆಯಲ್ಲಿದ್ದದ್ದು ಆರುವ ಮುಂಚೆ ಮುಗಿಸಿದ ಪಾದ್ರಿಗಳೇ, ಈ ಕಾಲೇಜಿನ ಹಳೆಯ ಫುಟ್ಬಾಲ್ ಆಟಗಾರರೇ, ಅವರ ಮೊಣಕಾಲು ನೋವಿನ ಕಥೆಗಳನ್ನು ವರ್ಷಗಟ್ಟಲೆ ಸಹಿಸಿಕೊಂಡಿರುವ ಅವರ ಹೆಂಡತಿಯರೇ, ಇಷ್ಟು ಹಿಮ ಬೀಳುತ್ತಿದ್ದರೂ ಬಂದು ಕುಳಿತಿರುವ ಸಭಿಕರೇ,

ನನ್ನ ಹೆಸರು ಆರ್ಡಿಸ್ ಕ್ವಾಮೆ. ನೀವು ಈಗ ಗೌರವಿಸಿದ ವೆಂಡೆಲ್ ಕ್ವಾಮೆ ನನ್ನ ಗಂಡ. ಅವರು ಇದ್ದಿದ್ದರೆ ಈ ಮಾತುಗಳನ್ನು ಅವರೇ ಆಡಬೇಕಿತ್ತು. ಆಡುತ್ತಿದ್ದರೇ? ಅನುಮಾನ. ‘ಥ್ಯಾಂಕ್ಸ್’ ಎಂದು ಹೇಳಿ ಹಿಂದಿನ ಬಾಗಿಲಿನಿಂದ ಕಾರಿನ ಕಡೆ ಹೋಗುತ್ತಿದ್ದರು. ಫೆಬ್ರವರಿಯಲ್ಲಿ ಈ ಲೋಕದಿಂದ ಹೋದದ್ದೂ ಹೆಚ್ಚುಕಡಿಮೆ ಹಾಗೆಯೇ.

ಅವರ ಕೆಲಸವೇನೆಂದು ನಿಮಗೆಲ್ಲ ಗೊತ್ತು. ವೃತ್ತಿಪರ ತಂಡವೊಂದಕ್ಕೆ ಕಾಲೇಜು ಹುಡುಗರನ್ನು ನೋಡಿ, ತೂಗಿ, ಇವನು ಆಗುತ್ತಾನೆ, ಇವನು ಆಗುವುದಿಲ್ಲ ಎಂದು ಹೇಳುವುದು. ತಂಡದ ಹೆಸರು ಹೇಳುವುದಿಲ್ಲ; ಈ ಸಭೆಯಲ್ಲಿ ಅದರ ವೈರಿ ತಂಡದ ಟೋಪಿಗಳೇ ಹೆಚ್ಚಾಗಿ ಕಾಣುತ್ತಿವೆ. ನೆರೆಯವರು ಕೇಳಿದರೆ ನಾನು, ‘ಯಜಮಾನ್ರು ದನ ನೋಡೋಕೆ ಹೋಗಿದಾರೆ’ ಎನ್ನುತ್ತಿದ್ದೆ. ತಮಾಷೆಗೆ ಹೇಳಿದರೂ ಮಾತು ಸುಳ್ಳಾಗಿರಲಿಲ್ಲ. ಎತ್ತರ, ತೂಕ, ಕಾಲು, ಹಲ್ಲು. ಹಲ್ಲು ನೋಡುತ್ತಿರಲಿಲ್ಲ, ಅದು ನಾನು ಸೇರಿಸಿದ್ದು.

ದೊಡ್ಡ ವಿಶ್ವವಿದ್ಯಾಲಯಗಳನ್ನು ತಂಡದ ಕಿರಿಯರು ವಿಮಾನದಲ್ಲಿ ಹೋಗಿ ನೋಡಿಕೊಳ್ಳುತ್ತಿದ್ದರು. ವೆಂಡೆಲ್ ಪಾಲಿಗೆ ಬಂದದ್ದು ನಿಮ್ಮಂಥವರು. ಬೇಸರಪಡಬೇಡಿ. ಆಟದ ಮೈದಾನಕ್ಕಿಂತ ಪಕ್ಕದ ಜೋಳದ ಹೊಲವೇ ಸಮತಟ್ಟಾಗಿರುವ, ಚರ್ಚುಗಳು ನಡೆಸುವ ಸಣ್ಣ ಕಾಲೇಜುಗಳು. ಆಗಸ್ಟಿನಲ್ಲಿ ಕಾರು ಹತ್ತಿದರೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮನೆಗೆ ಬರುತ್ತಿದ್ದರು. ಅದೂ ಕೆಲವು ವರ್ಷ ಟರ್ಕಿ ಕೋಳಿ ಆರಿದ ಮೇಲೆ.

ನಮ್ಮ ಮಗಳು ಗ್ರೆಚೆನ್ ಈವತ್ತು ಬರಬೇಕಿತ್ತು. ಕೆಲಸವಿದೆಯಂತೆ. ಅವಳು ಶಾಲೆಯ ವಾದ್ಯಗೋಷ್ಠಿಯಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದಳು. ಒಂದು ಅಕ್ಟೋಬರಿನಲ್ಲಿ ಅವಳೊಬ್ಬಳೇ ನಿಂತು ನುಡಿಸುವ ಕಾರ್ಯಕ್ರಮವಿತ್ತು. ಬರುತ್ತೇನೆಂದಿದ್ದರು, ಬರಲಿಲ್ಲ. ಮೋಟೆಲಿನಿಂದ ಫೋನ್ ಮಾಡಿದಾಗ ನಾನು ಬಾಯಿಗೆ ಬಂದಂತೆ ಬೈದೆ. ಬೈಗುಳವೆಲ್ಲ ಮುಗಿಯುವವರೆಗೆ ಕಾದು, ‘ಆರ್ಡಿಸ್, ಈವತ್ತು ಒಬ್ಬ ಹುಡುಗನ್ನ ನೋಡ್ದೆ’ ಎಂದರು. ಬೇರೆ ಹೆಣ್ಣನ್ನು ನೋಡಿದ ಗಂಡಸಿನ ದನಿ ಹೇಗಿರುತ್ತದೋ ನನಗೆ ತಿಳಿಯದು. ಬಹುಶಃ ಹಾಗೆಯೇ ಇರುತ್ತದೆ.

ಆ ಹುಡುಗ ಡ್ಯಾರಿನ್ ಸ್ಟಾವಿಗ್, ಆಗ ನಿಮ್ಮದೇ ಕಾಲೇಜಿನ ಆಟಗಾರ. ಈಗ ನಿಮ್ಮ ತಂಡದ ಮುಖ್ಯ ತರಬೇತುದಾರ. ಅಗೋ, ಕಿಟಕಿ ಪಕ್ಕದ ಮೇಜಿನಲ್ಲಿದ್ದಾನೆ. ತಟ್ಟೆ ನೋಡಬೇಡ ಡ್ಯಾರಿನ್, ಅದರಲ್ಲಿ ಏನೂ ಉಳಿದಿಲ್ಲ. ಮಧ್ಯಾಹ್ನವೇ ನಾನು ಅವನನ್ನು ಕೇಳಿದೆ, ‘ನಿನ್ನ ವಿಷಯ ಹೇಳ್ಲಾ?’ ಎಂದು. ‘ಹೇಳಿ ಅಮ್ಮಾ, ಆದ್ರೆ ಉದ್ದ ಎಳೀಬೇಡಿ’ ಎಂದ. ಅದೊಂದು ನನ್ನ ಕೈಲಾಗದ ಕೆಲಸ.

ನಮ್ಮ ಅಮೆರಿಕದ ಫುಟ್ಬಾಲಿನಲ್ಲಿ ಚೆಂಡು ಎಸೆಯುವವನ ಮೈಮೇಲೆ ಎದುರಾಳಿಗಳು ಬಂದು ಬೀಳದಂತೆ ತಡೆಯುವ ಸಾಲಿನಲ್ಲಿ ಎಡತುದಿಯ ಜಾಗ ಅವನದು. ಇಡೀ ಆಟದಲ್ಲಿ ಚೆಂಡನ್ನು ಮುಟ್ಟದೆ ಮನೆಗೆ ಹೋಗುವವನು. ಅವನ ಹೆಸರನ್ನು ಯಾರೂ ಕೂಗುವುದಿಲ್ಲ. ತಪ್ಪಿದಾಗ ಮಾತ್ರ ಕೂಗುತ್ತಾರೆ. ವೆಂಡೆಲ್ ಮನೆಗೆ ಬಂದವರೇ ಅಡುಗೆಮನೆಯಲ್ಲಿ ನನ್ನನ್ನು ಎದುರಾಳಿ ಮಾಡಿ ನಿಲ್ಲಿಸಿ, ‘ಬಾ, ನನ್ನ ದಾಟ್ಕೊಂಡು ಒಲೆ ಹತ್ರ ಹೋಗು ನೋಡೋಣ’ ಎಂದರು. ನಾನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ‘ನೋಡ್ದಾ? ಪಾದ ಎತ್ತೋದೇ ಇಲ್ಲ ಅವನು, ಜಾರಿಸ್ತಾನೆ!’ ಅಷ್ಟರಲ್ಲಿ ಕೇಕಿನ ತಟ್ಟೆ ಕೆಳಗೆ ಬಿತ್ತು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಂತೋಷಪಟ್ಟದ್ದನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ.

ಮರುವರ್ಷ ಮಾರ್ಚಿನಲ್ಲಿ ಡ್ಯಾರಿನ್‌ನ ಮೊಣಕಾಲಿನ ಎಕ್ಸ್‌ರೇ ತೆಗೆಸಲು ತಾಯಿ ಮಗ ನಮ್ಮ ಊರಿಗೆ ಬಂದಿದ್ದರು. ಹಿಮ ಸುರಿದು ಹೆದ್ದಾರಿ ಮುಚ್ಚಿತು. ವೆಂಡೆಲ್ ಅವರನ್ನು ಊಟಕ್ಕೆ ಮನೆಗೆ ಕರೆತಂದರು. ತಾಯಿ ಬರ್ನೀಸ್ ಶಾಲೆಯ ಬಸ್ಸು ಓಡಿಸುತ್ತಿದ್ದ ಹೆಂಗಸು. ಮಾತು ಕಡಿಮೆ, ಕೇಳುವುದಿದ್ದರೆ ನೇರವಾಗಿ ಕೇಳುವವಳು. ನಾನು ಮಾಂಸ ಬಡಿಸುತ್ತಿದ್ದಾಗ ಕೇಳಿದಳು:

‘ಸಾರ್, ಕೆನಡಾದ ತಂಡದೋರು ಇವನನ್ನ ಕರೀತಿದಾರೆ. ಈ ತಿಂಗಳೊಳಗೆ ಸಹಿ ಹಾಕ್ಬೇಕಂತೆ. ನಿಮ್ಮೋರು ಏಪ್ರಿಲ್‌ನಲ್ಲಿ ತಗೋತಾರಾ? ಗೊತ್ತಿಲ್ಲ ಅನ್ನೋದಾದ್ರೆ ಗೊತ್ತಿಲ್ಲ ಅಂದ್ಬಿಡಿ. ನಾನು ಬೇಜಾರು ಮಾಡ್ಕೊಳಲ್ಲ.’

ಆ ಕೆಲಸದಲ್ಲಿರುವವರು ಕೊಡಬೇಕಾದ ಉತ್ತರ ಒಂದೇ: ಗೊತ್ತಿಲ್ಲ. ಏಪ್ರಿಲ್‌ನ ಡ್ರಾಫ್ಟಿನಲ್ಲಿ ತಂಡಗಳೆಲ್ಲ ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುತ್ತವೆ. ಏಳು ಸುತ್ತಿನಲ್ಲಿ ಯಾರ ಮನಸ್ಸು ಎಲ್ಲಿ ತಿರುಗುತ್ತದೋ ದೇವರಿಗೂ ಗೊತ್ತಿರುವುದಿಲ್ಲ. ವೆಂಡೆಲ್ ಫೋರ್ಕು ಕೆಳಗಿಟ್ಟರು. ಡ್ಯಾರಿನ್ ಅವರ ಮುಖವನ್ನೇ ನೋಡುತ್ತಿದ್ದ.

‘ಆರನೇ ಸುತ್ತು ದಾಟೋಕೆ ನಾನು ಬಿಡಲ್ಲ ಬರ್ನೀಸ್’ ಎಂದರು. ‘ಕೆನಡಾ ಬೇಡ. ನಾನಿದೀನಿ.’

ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ನನ್ನ ಗಂಡನ ಮಾತಿಗೆ ಅಷ್ಟು ತೂಕವಿದೆ ಎಂದುಕೊಂಡೆ. ಬರ್ನೀಸ್ ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಆಲೂಗಡ್ಡೆ ಇನ್ನೊಂದು ಸಲ ಬಡಿಸಿಕೊಂಡಳು.

ಏಪ್ರಿಲ್ ಬಂತು. ಆರನೇ ಸುತ್ತಿನಲ್ಲಿ ವೆಂಡೆಲ್ ತಂಡದ ಕೋಣೆಯಲ್ಲಿ ಎದ್ದು ನಿಂತು ಡ್ಯಾರಿನ್ ಹೆಸರು ಹೇಳಿದರು. ಏಳನೆಯದರಲ್ಲಿ ಮತ್ತೆ ಹೇಳಿದರು. ತಂಡದ ಮುಖ್ಯಸ್ಥ ಕೆಟ್ಟವನಲ್ಲ. ‘ವೆಂಡೆಲ್, ಹುಡುಗ ಚೆನ್ನಾಗಿದಾನೆ, ಒಪ್ಕೋತೀನಿ. ಆದ್ರೆ ಯಾರ ಎದುರು ಆಡಿದಾನೆ ಹೇಳು? ನಾಳೆ ಪಾದ್ರಿ ಆಗೋ ಹುಡುಗ್ರ ಎದುರು! ಬಿದ್ದೋನನ್ನ ಅವರೇ ಕೈಹಿಡಿದು ಎಬ್ಬಿಸ್ತಾರೆ!’ ಎಂದ. ಕೋಣೆಯೆಲ್ಲ ನಕ್ಕಿತು. ನೀವೂ ಈಗ ನಕ್ಕಿರಿ. ಮಾತೇನೋ ನಗು ಬರುವಂಥದ್ದೇ. ವೆಂಡೆಲ್, ‘ಎದುರಿಗೆ ಯಾರನ್ನ ತಂದು ನಿಲ್ಸಿದ್ರೋ ಅವರ ಎದುರು ಆಡಿದಾನೆ. ಇನ್ಯಾರ ಎದುರು ಆಡ್ಬೇಕಿತ್ತು?’ ಎಂದರಂತೆ. ಉತ್ತರ ಕೇಳಿಸಿಕೊಳ್ಳುವಷ್ಟರಲ್ಲಿ ತಂಡದವರು ದೊಡ್ಡ ವಿಶ್ವವಿದ್ಯಾಲಯದ ಇನ್ನೊಬ್ಬ ಹುಡುಗನ ಹೆಸರು ಕಳಿಸಿ ಆಗಿತ್ತು.

ಇಲ್ಲಿ ಊರಿನವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಟೀವಿ ಇಟ್ಟುಕೊಂಡು ಕುಳಿತಿದ್ದರು. ನಿಮ್ಮಲ್ಲಿ ಅನೇಕರು ಅಲ್ಲಿದ್ದಿರಿ. ಸಂಜೆ ವೆಂಡೆಲ್ ಅಲ್ಲಿಗೆ ಫೋನ್ ಮಾಡಿದರು. ಬರ್ನೀಸ್ ತೆಗೆದುಕೊಂಡಳು. ಇವರು ಹೆಸರು ಹೇಳುವಷ್ಟರಲ್ಲಿ ಅವಳೇ ಹೇಳಿದಳಂತೆ, ‘ಗೊತ್ತಾಯ್ತು ಸಾರ್. ಎಲ್ರೂ ಟೀವಿ ಆರಿಸಿ ಮೇಜು ಒರೆಸ್ತಿದಾರೆ. ನೀವು ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?’

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಲ್ಲವೇ?

ಆಮೇಲೆ ತಂಡದವರು ಡ್ಯಾರಿನ್‌ನನ್ನು ಬೇಸಿಗೆಯ ಶಿಬಿರಕ್ಕೆ ಕರೆದರು. ಆಯ್ಕೆಯಾಗದೆ ಬಂದವನಿಗೆ ಅಲ್ಲಿ ಏನು ಬೆಲೆ? ಆರಿಸಿ ತಂದವರಿಗೆ ಹತ್ತು ಅವಕಾಶ, ಇವನಿಗೆ ಒಂದು. ಬಹಳ ದಿನ ಇಟ್ಟುಕೊಳ್ಳಲಿಲ್ಲ. ಅಷ್ಟರಲ್ಲಿ ಕೆನಡಾದ ಜಾಗದಲ್ಲಿ ಬೇರೆ ಹುಡುಗ ಬಂದು ನಿಂತಿದ್ದ. ಡ್ಯಾರಿನ್ ತನ್ನ ಚೀಲವನ್ನು ಟ್ಯಾಕ್ಸಿಯಲ್ಲಿ ಇಡುವುದನ್ನು ವೆಂಡೆಲ್ ಬೇಲಿಯ ಈಚೆಯಿಂದ ನೋಡಿದರು. ಹತ್ತಿರ ಹೋಗಲಿಲ್ಲ ಎಂದರು.

ಈಗ ನಿಮ್ಮ ಗೌರವ ಫಲಕದ ವಿಷಯ. ಬಹಳ ಚಂದವಾಗಿದೆ. ‘ಸಣ್ಣ ಕಾಲೇಜುಗಳ ಮಕ್ಕಳಲ್ಲಿ ನಂಬಿಕೆಯಿಟ್ಟು ಪ್ರತಿವರ್ಷವೂ ತಪ್ಪದೆ ವೆಸ್ಟರ್‌ಡಾಲಿಗೆ ಬಂದ ಮಹನೀಯರು’ ಎಂದು ಬರೆಸಿದ್ದೀರಿ. ಅಧ್ಯಕ್ಷೆಯವರು ಕ್ಷಮಿಸಬೇಕು, ಅದು ಪೂರ್ತಿ ನಿಜವಲ್ಲ. ಅದಾದ ಮೇಲೆ ಎರಡು ವರ್ಷ ಅವರು ಇಲ್ಲಿಗೆ ಬರಲೇ ಇಲ್ಲ. ನಿಮ್ಮ ಊರನ್ನು ತಪ್ಪಿಸಲು ಸುತ್ತು ದಾರಿ ಹಿಡಿಯುತ್ತಿದ್ದರು. ಮೂರನೆಯ ವರ್ಷ ನಾನೇ ಗದರಿದೆ: ‘ಹೋಗಿ ಆ ಹುಡುಗನ ಮುಂದೆ ನಿಂತ್ಕೋ. ಬೈದ್ರೆ ಬೈಲಿ. ಈ ಮನೇಲಿ ನಿನ್ನ ಮೌನ ಉಣ್ಣೋಕೆ ನನಗಾಗ್ತಿಲ್ಲ.’

ಹೋದರು. ಡ್ಯಾರಿನ್ ಆಗ ಇಲ್ಲಿ ಸಹಾಯಕ ತರಬೇತುದಾರನಾಗಿದ್ದ. ಇವರು ಮೈದಾನದ ಅಂಚಿನಲ್ಲಿ ನಿಂತಿದ್ದನ್ನು ನೋಡಿ ಬಂದ. ಕೈಯಲ್ಲಿ ಎರಡು ಲೋಟ ಕಾಫಿ. ‘ನಿಮ್ಮದಕ್ಕೆ ಸಕ್ಕರೆ ಜಾಸ್ತಿ, ಅಲ್ವಾ ಸಾರ್?’ ಎಂದ. ಅಷ್ಟೇ. ಮರುವರ್ಷವೂ ಕಾಫಿ. ಅದರ ಮರುವರ್ಷವೂ ಕಾಫಿ. ಕೆಲಸದಿಂದ ನಿವೃತ್ತರಾದ ಮೇಲೂ, ಯಾರನ್ನೂ ಆರಿಸಬೇಕಾಗಿಲ್ಲದಿದ್ದರೂ ಇವರು ಬಂದರು. ಯಾವುದಕ್ಕೆ ಬಂದರು? ನಂಬಿಕೆಗೆ ಬಂದರೇ? ನನಗೆ ಗೊತ್ತು ಸಭಿಕರೇ, ಅವರು ಬೈಗುಳ ಕೇಳಲು ಬಂದರು. ಪ್ರತಿ ಸಲ ಕಾಫಿ ಕುಡಿದು ವಾಪಸು ಬಂದರು. ನಾನು ಬಾಗಿಲು ತೆಗೆದು ಮುಖ ನೋಡಿದರೆ ಸಾಕು, ‘ಇಲ್ಲ, ಈ ಸಲಾನೂ ಏನೂ ಅನ್ಲಿಲ್ಲ’ ಎನ್ನುತ್ತಿದ್ದರು.

ಫೆಬ್ರವರಿಯಲ್ಲಿ ವೈದ್ಯರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದಾಗ ಡ್ಯಾರಿನ್ ನೋಡಲು ಬಂದ. ಹಾಸಿಗೆಯ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕುಳಿತ. ಕುರ್ಚಿ ಉಳಿದದ್ದೇ ಹೆಚ್ಚು. ವೆಂಡೆಲ್ ಆಗ ಕೇಳಿಯೇಬಿಟ್ಟರು:

‘ನನ್ನ ಮೇಲೆ ಕೋಪ ಇತ್ತೇನೋ?’

‘ಇತ್ತು ಸಾರ್. ಈಗ್ಲೂ ಇದೆ. ಭಾನುವಾರ ಮಕ್ಳು ಟೀವಿಲಿ ಆಟ ಹಾಕಿದ್ರೆ ನಾನು ಎದ್ದು ಗ್ಯಾರೇಜಿಗೆ ಹೋಗ್ತೀನಿ.’

‘ಮತ್ತೆ ಕಾಫಿ ಯಾಕೆ ಕೊಡ್ತಿದ್ದೆ?’

‘ನನ್ನನ್ನ ನೋಡೋಕೆ ಅಂತ ಬಂದೋರು ನೀವೊಬ್ರೇ ಅಲ್ವಾ? ಬೇರೆ ಯಾರಿಗೆ ಕೊಡ್ಲಿ?’

ಆಮೇಲೆ ಡ್ಯಾರಿನ್, ಇಷ್ಟು ವರ್ಷ ಯಾರನ್ನೂ ಕೇಳದಿದ್ದುದನ್ನು ಕೇಳಿದ. ‘ಸಾರ್, ನಿಜ ಹೇಳಿ. ಅಲ್ಲಿ ನಾನು ನಿಲ್ತಿದ್ನಾ?’

ನಾನು ಬಾಗಿಲಲ್ಲಿ ನಿಂತಿದ್ದೆ. ವೆಂಡೆಲ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೈದಾನದ ಅಂಚಿನಲ್ಲಿ ನಿಂತು ಹುಡುಗರನ್ನು ನೋಡುತ್ತಿದ್ದ ಅದೇ ನೋಟ.

‘ಕಷ್ಟ ಇತ್ತು ಕಣೋ’ ಎಂದರು. ‘ನಿನ್ನ ತೋಳು ಗಿಡ್ಡ, ಎದುರಾಳೀನ ದೂರ ತಡೆಯೋಕೆ ಸಾಲದು. ನಾನು ಆವತ್ತು ಮೋಹದಲ್ಲಿ ಅದನ್ನ ಲೆಕ್ಕಕ್ಕೆ ಹಿಡೀಲಿಲ್ಲ. ಒಂದು ವರ್ಷ ಆಡ್ತಿದ್ಯೋ ಏನೋ. ಆಮೇಲೆ ಮನೇಗೇ ಬರ್ತಿದ್ದೆ.’

ಡ್ಯಾರಿನ್ ಉದ್ದವಾಗಿ ಉಸಿರು ಬಿಟ್ಟ. ನಕ್ಕ. ‘ಅಮ್ಮ ಹೊಲಿದ ಅಂಗಿ ತೋಳೆಲ್ಲ ಯಾಕೆ ಮಡಚ್ಕೋಬೇಕಾಗಿತ್ತು ಅಂತ ಈಗ ಗೊತ್ತಾಯ್ತು ಸಾರ್’ ಎಂದ. ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ, ಎದ್ದ.

ಕಾರಿನವರೆಗೆ ನಾನು ಜೊತೆಗೆ ಹೋದೆ. ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾ ಅವನು ಹೇಳಿದ:

‘ಅಮ್ಮಾ, ನನ್ನ ತೋಳು ಗಿಡ್ಡ ಅಲ್ಲ. ಶಿಬಿರದಲ್ಲಿದ್ದೋರಲ್ಲೆಲ್ಲ ನಂದೇ ಉದ್ದ. ಅಳತೆ ಪಟ್ಟಿ ಹಿಡಿದಿದ್ದು ಸಾರೇ. ನಾನು ನಂಬಿದೀನಿ ಅಂತ್ಲೇ ಅವರು ಅಂದ್ಕೊಂಡಿರ್ಲಿ. ಹಾಯಾಗಿ ನಿದ್ದೆ ಮಾಡ್ಲಿ.’

ಇಷ್ಟು ಹೇಳಲು ನಾನು ಅವನ ಅಪ್ಪಣೆ ಪಡೆದಿದ್ದೆ. ಮುಂದಿನದನ್ನು ಅವನಿಗೂ ಹೇಳಿರಲಿಲ್ಲ. ಹೇಳಬೇಕೋ ಬೇಡವೋ ಎಂದು ಈ ಮೆಟ್ಟಿಲು ಹತ್ತುವವರೆಗೂ ತೀರ್ಮಾನವಾಗಿರಲಿಲ್ಲ. ಡ್ಯಾರಿನ್, ನಾನು ಒಳಗೆ ಹೋದಾಗ ಅವರು ಎಚ್ಚರವಾಗಿದ್ದರು. ‘ನಂಬಿದ್ನಾ?’ ಎಂದು ಕೇಳಿದರು. ‘ನಂಬಿದ’ ಎಂದೆ. ತಲೆಯಾಡಿಸಿದರು. ಆಮೇಲೆ ಗೋಡೆ ಕಡೆ ಹೊರಳಿ, ‘ಹತ್ತು ವರ್ಷ ಆಡ್ತಿದ್ದ ಆರ್ಡಿಸ್. ಕಣ್ಮುಚ್ಕೊಂಡು ಹತ್ತು ವರ್ಷ’ ಎಂದರು. ಹೊದಿಕೆ ಸರಿಮಾಡಿ ನಾನು ಅಲ್ಲೇ ಕುಳಿತೆ.

ಆ ಹತ್ತು ವರ್ಷವನ್ನು ನಿನಗೆ ಯಾರೂ ವಾಪಸು ಕೊಡಲಾರರು ಮಗಾ. ಆದರೂ ನೀನು ಕೇಳಿದ್ದೆ. ನಿಜವಾದ ಉತ್ತರ ನಿನ್ನ ಬಳಿ ಇರಬೇಕೆನಿಸಿತು.

ಬಿಸಿ ಊಟ ಹಾಕಿದ ಅಡುಗೆಯವರಿಗೆ, ಹಿಮ ಗುಡಿಸಿ ನನ್ನ ಕಾರಿಗೆ ಜಾಗ ಮಾಡಿಕೊಟ್ಟ ವಿದ್ಯಾರ್ಥಿಗಳಿಗೆ, ಇಷ್ಟು ಹೊತ್ತು ಕೆಮ್ಮದೆ ಕೇಳಿದ ನಿಮಗೆ, ನನ್ನ ಗಂಡನ ಪರವಾಗಿಯೂ ನನ್ನ ಪರವಾಗಿಯೂ ವಂದನೆಗಳು. ಎಲ್ಲರಿಗೂ ನನ್ನ ನಮಸ್ಕಾರ.