ಇಟ್ಟಿಗೆ ಕಿಟಕಿಯ ದೀಪ

ನವೆಂಬರಿನ ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ. ಸಂಜೆ ಇನ್ನೂ ಎಳೆಯದಾಗಿರುವಾಗಲೇ ಕತ್ತಲಾಗಿ, ಚೌಕದ ಆಚೆಯ ಡೋಮ್, ಅಂದರೆ ಆ ಜರ್ಮನ್ ಊರಿನ ದೊಡ್ಡ ಇಗರ್ಜಿ, ಗೋಪುರದ ಸಮೇತ ಮಾಯವಾಗಿತ್ತು. ರಾಯನ್ ಮತ್ತು ಸ್ಯಾಂಡ್ರಾ ಹ್ಯಾಂಬರ್ಗಿನ ರೈಲು ಇಳಿದು ತೊಯ್ದು ತೊಪ್ಪೆಯಾಗಿ ಗೆಳತಿ ಪವಿಯ ಮನೆಗೆ ಬಂದರು.

“ಎಂತ ಮಳೆ ಮಾರಾಯ್ರೆ,” ರಾಯನ್ ಬೂಟು ಬಿಚ್ಚುತ್ತ ಹೇಳಿದ. “ಚೌಕದಲ್ಲಿ ದಾರಿಯೇ ತಪ್ಪಿತ್ತು. ನಿಮ್ಮ ಮೇಲಿನ ಮೂಲೆ ಕಿಟಕಿಯಲ್ಲಿ ಬೆಳಕು ಕಂಡಿತು, ಬದುಕಿದೆವು.”

ಪವಿ ಅವನಿಗೆ ಟವೆಲು ಕೊಟ್ಟಳು. ಬೀದಿದೀಪ ಅಲ್ಲಿನ ಗೋಡೆಯ ಒದ್ದೆ ಬಣ್ಣದ ಮೇಲೆ ಹೊಳೆದಿರಬೇಕು ಎಂದುಕೊಂಡಳು. ಆ ಕಿಟಕಿಯ ಬಗ್ಗೆ ಯಾರು ಏನಂದರೂ ಅವಳು ಅಂದುಕೊಳ್ಳುವುದು ಅಷ್ಟೇ. ಅಡುಗೆಮನೆಯಲ್ಲಿ ಗಂಡ ರವಿಶಂಕರ ಮಿರ್ಚಿಭಜಿ ಕರಿಯುತ್ತಿದ್ದ. ಆರು ತಿಂಗಳ ಮಗಳು ಮೇಲಿನ ಕೋಣೆಯಲ್ಲಿ ಮಲಗಿದ್ದಳು. ಅವಳ ಉಸಿರು ಮೇಜಿನ ಮೇಲಿನ ಬೇಬಿಫೋನಿನಲ್ಲಿ ಮೆಲ್ಲಗೆ ಕೇಳುತ್ತಿತ್ತು. ಅತ್ತೆ ಅನ್ನಪೂರ್ಣವ್ವ ಬೆಚ್ಚಗೆ ಹೀಟರಿನ ಪಕ್ಕ ಕೂತು, ನಾಳೆ ಅಮಾವಾಸ್ಯೆ ಎಂದು ಮಧ್ಯಾಹ್ನದಿಂದ ಹುಣಸೆಹುಳಿಯಲ್ಲಿ ನೆನೆಹಾಕಿದ್ದ ಹಿತ್ತಾಳೆ ದೀಪವನ್ನು ತಿಕ್ಕುತ್ತಿದ್ದರು.

“ಆಂಟಿ, ಇದು ಹಳೇ ಪಾದ್ರಿಗಳ ಮನೆಯಂತಲ್ಲ? ದೆವ್ವ ಗಿವ್ವ ಉಂಟಾ?” ಸ್ಯಾಂಡ್ರಾ ನಗುತ್ತ ಕೇಳಿದಳು.

“ಐತಿ. ಕುಂದರು,” ಎಂದರು ಅನ್ನಪೂರ್ಣವ್ವ. “ನಡುವ ಬಾಯಿ ಹಾಕಿದ್ರ ಎದ್ದು ಹೋಗ್ತೇನಿ ಮತ್ತ.”

ರವಿಶಂಕರ ಭಜಿಯ ತಟ್ಟೆ ತಂದಿಟ್ಟ. ಎಲ್ಲರೂ ಹತ್ತಿರ ಸರಿದರು.

“ನೋಡ್ರಿಪಾ, ಈ ಮನಿ ಕಟ್ಟಿದಾಗ ಇಂಗ್ಲೆಂಡಿಗೂ ಈ ಸೀಮಿಗೂ ಜಾರ್ಜ್ ಅನ್ನೋ ಒಬ್ಬನ ರಾಜಾ ಇದ್ದನಂತ. ಅದಕ್ಕ ಮನಿನೂ ಅವರ ನಮೂನಿದು. ನಡುವ ಬಾಗಿಲಾ, ಬಾಗಿಲದ ಮ್ಯಾಲ ಬೀಸಣಿಕಿ ಹಂಗ ಗಾಜು, ಎಡಕ್ಕ ಎಷ್ಟು ಕಿಡಕಿ ಅದಾವೋ ಬಲಕ್ಕೂ ಅಷ್ಟ. ಕನ್ನಡಿ ಒಳಗ ನೋಡಿದಂಗ! ಚಂದ ಐತಿ, ನಾ ಇಲ್ಲ ಅನ್ನೂದಿಲ್ಲ... ಆದ್ರ ಮನಿ ಕಟ್ಟೂದು ಇರೋರ ಸಲುವಾಗಿ ಏನು, ಹಾದ್ಯಾಗ ಹೋಗೋರ ಸಲುವಾಗಿ? ಮ್ಯಾಲಿನ ಮೂಲಿಯೊಳಗ ಹೊಗಿ ಹೋಗೋ ಕೊಳವಿ ಬಂತು, ಅಲ್ಲೆ ಕಿಡಕಿ ಕೂಡ್ರಂಗಿಲ್ಲ. ಆ ಗೌಂಡಿ ಏನ ಮಾಡ್ಯಾನು? ಹೊರಗ ಸರಿಜೋಡಿ ಕಾಣಬೇಕಂತ ಇಟ್ಟಂಗಿ ಮ್ಯಾಲ ಕಿಡಕಿ ಬರದು ಬಿಟ್ಟ. ಕರೇ ಬಣ್ಣದ ಗಾಜು, ಬಿಳೇ ಬಣ್ಣದ ಚೌಕಟ್ಟು. ಒಳಗ ನೋಡಿದ್ರ ಗ್ವಾಡಿಯೊಳಗ ಒಂದು ಕುರುಡು ಕಮಾನು.

ನಾ ಬಂದಾಗ ಈ ಪವಿ ಸೊರಗಿ ಹಗ್ಗ ಆಗಿದ್ಲು. ಕೂಸು ದೀಪ ಹಚ್ಚೋ ಹೊತ್ತಾತಂದ್ರ ಚೀರತಿತ್ತು... ಬೆಳಕು ಹರಿಯೋತನಾ ಚೀರತಿತ್ತು. ಡಾಕ್ಟರು ಏನೂ ಇಲ್ಲಂದ್ರು. ಇಕಿ ಮನಿ ಬಿಡೂಣು ಅಂದ್ಲು. ಇವ ವರ್ಷಗಟ್ಲೆ ಹುಡುಕಿ ಈ ವೋನುಂಗ್, ಈ ಬಾಡಿಗಿ ಮನಿ, ಹಿಡದಾನ, ಇನ್ನೊಂದು ಎಲ್ಲೆ ಸಿಗಬೇಕು? ಗಂಡಾ ಹೆಂಡತಿ ಮಾತು ಬಿಟ್ಟಿದ್ರು. ಸುಳ್ಳೇನು?”

ರವಿಶಂಕರ ತಲೆ ಕೆರೆದುಕೊಂಡ. ಪವಿ ಬೇಬಿಫೋನನ್ನು ಹತ್ತಿರ ಎಳೆದುಕೊಂಡಳು. ಆ ದಿನಗಳು ಅವಳಿಗೆ ಚೆನ್ನಾಗಿ ನೆನಪಿದ್ದವು.

“ನಾ ಕೋಣಿಗೆ ಹೋಗಿ ಕಿವಿಗೊಟ್ಟೆ. ಗ್ವಾಡಿಯೊಳಗ ಪರಾ... ಪರಾ... ಉಗುರಲೆ ಕೆರದಂಗ. ಇಲಿ ಅಂದ್ರು. ಇಲಿ ಸಪ್ಪಳ ನನಗ ತಿಳಿಯೂದಿಲ್ಲೇನು? ಆವಾಗ ಕಂಡಿತು ನೋಡ್ರಿ ಆ ಕಮಾನು. ನನ್ನ ಕಣ್ಣಿಗೆ ಅದು ನಮ್ಮ ಕಡೆ ಪಡಸಾಲಿಯೊಳಗ ಇರತೈತೆಲ್ಲ, ದೀಪ ಇಡೋ ಮಾಡ, ಹಂಗ ಕಂಡಿತು. ಮಾಡ ಕಟ್ಟಿ ಖಾಲಿ ಬಿಡತಾರೇನು ಯಾರಾರ? ಊರಿಂದ ತಂದ ಈ ದೀಪ ಇಟ್ಟು ಹಚ್ಚಿದೆ. ಸಿಟ್ಟಿನ್ಯಾಗ ಬೈದ ಬಿಟ್ಟೆ... ‘ಯಾರಾರ ಇರು, ಇದು ಹಸಿಗೂಸಿನ ಮನಿ. ಬೆಳಕು ಬೇಕಾದ್ರ ತಗೋ, ಕೂಸಿನ ನಿದ್ದಿ ಬಿಡು.’

ಸಪ್ಪಳ ನಿಂತಿತು. ಕೂಸು ಮಲಗಿತು. ಇವರಿಬ್ಬರೂ ಕುಂತಲ್ಲೇ ಗೊರಕಿ ಹೊಡದ್ರು.

ಮರುದಿನ ಬಾಜೂಮನಿ ಮುದುಕಿ ಕೇಕು ಹಿಡಕೊಂಡು ಬಂದ್ಲು. ‘ಮೂಲಿ ಕಿಡಕಿ ಯಾರು ತಗಸಿದ್ರಿ? ರಾತ್ರಿ ಬೆಳಕು ಕಂಡಿತಲ್ಲ’ ಅಂದ್ಲು. ಇಟ್ಟಂಗಿಯೊಳಗಿಂದ ಬೆಳಕು ಹೆಂಗ ಹೋದೀತು? ಆಕೀನ ಹೇಳಿದ್ಲು, ಪವಿ ನನಗ ಕನ್ನಡದಾಗ ಹೇಳಿದ್ಲು... ಮೊದಲ ಇಲ್ಲಿದ್ದ ಅಯ್ಯಾರು, ಅವರ ಪಾದ್ರಿ, ಕಡೀಕ ಆ ಕೋಣಿಯೊಳಗ ಹಾಸಗಿ ಹಿಡದ್ರಂತ. ಎದುರಿಗೇ ಅವರ ಗುಡಿ ಐತಿ, ನಡುವ ಆ ಗ್ವಾಡಿ. ಒಂದ ಸಲ ಡೋಮಿನ ಬಾಗಿಲಾ ನೋಡಬೇಕು, ಅಲ್ಲೊಂದು ಕಿಡಕಿ ಒಡೀರಿ ಅಂತ ಗೋಗರದ್ರಂತ. ಮನಿ ಚಂದ ಕೆಡತೈತಿ ಅಂದ್ರಂತ ಮಂದಿ! ಗ್ವಾಡಿ ಕೆರಕೋತ ಕೆರಕೋತ ಹ್ವಾದ್ರು ಪಾಪ. ಅವರು ಕೇಳಿದ್ದು ಏನು, ಒಂದು ಕಿಡಕಿ, ಒಂದೀಟು ಬೆಳಕು. ಬೆಳಕರ ದಿನಾ ನಾ ಕೊಡತೇನಿ. ಅವರೂ ಮಾತು ತಪ್ಪಿಲ್ಲ.”

“ಈಗ ನೀವು ಊರಿಗೆ ಹೋದ್ರೆ?” ಸ್ಯಾಂಡ್ರಾ ಕೇಳಿದಳು. “ವೀಸಾ ಮುಗೀತಾ ಬಂತಲ್ಲ. ಆಮೇಲೆ ದೀಪ ಯಾರು ಹಚ್ಚೋದು?”

ಪವಿಗೂ ಅದೇ ಚಿಂತೆ ಇತ್ತು. ನಂಬುವುದಿಲ್ಲ ಎಂದು ಬಾಯಲ್ಲಿ ಹೇಳಿದರೂ, ಮತ್ತೆ ಆ ಚೀರಾಟದ ರಾತ್ರಿಗಳು ಬಂದರೆ ಎಂದು ದಿನ ಎಣಿಸುತ್ತಿದ್ದಳು.

“ನನಗೂ ಅದ ಹೆದರಿಕಿ ಇತ್ತು,” ಎಂದರು ಅನ್ನಪೂರ್ಣವ್ವ. “ಅದಕ್ಕ ಇವತ್ತ ದೀಪ ಹಚ್ಚದ ಪರೀಕ್ಷಾ ಮಾಡಿದೆ... ನೋಡೂಣು ಅಂತ.”

ಅವರು ಮಡಿಲ ಬಟ್ಟೆಯಲ್ಲಿ ದೀಪವನ್ನು ಒರೆಸಿ ಮೇಜಿನ ಮೇಲಿಟ್ಟರು. ಹಿತ್ತಾಳೆ ಬಂಗಾರದ ಹಾಗೆ ಹೊಳೆಯಿತು. ಎಣ್ಣೆಯಿಲ್ಲ, ಬತ್ತಿಯಿಲ್ಲ. ಮಧ್ಯಾಹ್ನದಿಂದ ಅದು ಕೆಳಗೇ ಇತ್ತು.

ರಾಯನ್ ಬಾಯಿಗೆ ಒಯ್ದ ಭಜಿಯನ್ನು ತಟ್ಟೆಗೆ ವಾಪಸು ಹಾಕಿದ. ಪವಿ ಎದ್ದು ಮೆಟ್ಟಿಲ ಕಡೆ ಹೆಜ್ಜೆ ಇಟ್ಟಳು. ಬೇಬಿಫೋನಿನಲ್ಲಿ ಮಗಳು ನಿದ್ದೆಯಲ್ಲೇ ಕಿಲಕಿಲ ನಕ್ಕಳು.

“ಕುಂದರು ಪವಿ,” ಅತ್ತೆ ಬತ್ತಿ ಹೊಸೆಯುತ್ತ ಹೇಳಿದರು. “ಹಚ್ಚೋದು ಅಯ್ಯಾರೂ ಕಲತ ಬಿಟ್ಟಾರ. ಕೂಸಿನ ಬಾಜೂಕ ಕುಂತಾರ... ಕುಂದರಲಿ ಬಿಡು.”