ನನ್ನ ಮೂಗಿನ ತಂಟೆಗೆ ಬರಬೇಡಿ

ಗದ್ದದ ಹೊಲಿಗೆ ಬಿಚ್ಚಿಸಿಕೊಳ್ಳಲು ಪ್ಲಾಸ್ಟಿಕ್ ಸರ್ಜರಿ ಕ್ಲಿನಿಕ್ಕಿಗೆ ಬಂದಿದ್ದ ಗಣಿತದ ಟೀಚರಿಗೆ, ಹಿಂದಿನ ಸಾಲಿನಲ್ಲಿ ಕೂತ ಅಮ್ಮ-ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಮೂಗು ತಿದ್ದಿಸೋಣ ಅಂತ ಕರ್ಕೊಂಡು ಬಂದ್ರೆ, ಈ ಡಾಕ್ಟರು ನಿನ್ನನ್ನ ಮನಸ್ಸಿನ ಡಾಕ್ಟರ ಹತ್ರ ಅಟ್ಟಿದ್ರಲ್ಲ! ನಿನಗೇನು ತಲೆ ಕೆಟ್ಟಿತ್ತಾ?”

“ಕೆಟ್ಟಿರ್ಲಿಲ್ಲಮ್ಮ, ಮನಸ್ಸು ಮುದುಡಿತ್ತು. ಬಸ್ಸಲ್ಲಿ ಯಾರಿಗೂ ನನ್ನ ಮುಖ ಕಾಣ್ಬಾರ್ದು ಅಂತ ಕೊನೇ ಸೀಟೇ ಹುಡುಕ್ತಿದ್ದೆ.”

“ಅದಕ್ಕೇ ಆಪರೇಷನ್ ಮಾಡಿಸ್ಕೋ ಅಂದಿದ್ದು.”

“ಮೂಗು ಚೆನ್ನಾಗಿಲ್ಲ ಅಂತ ಮೊದಲು ಹೇಳಿದ್ಯಾರು ಅಂತ ಆ ಮನಸ್ಸಿನ ಡಾಕ್ಟರ್ ಮೇಡಂ ಕೇಳಿದ್ರು.”

“ಯಾರಂತೆ?”

“ನೀನೇ. ಅಕ್ಕನ ಮದುವೇಲಿ ಫೋಟೋ ತೆಗೆಯುವಾಗ, ‘ಆ ಮೂಗು ಇಟ್ಕೊಂಡು ಮುಂದೆ ನಿಲ್ಬೇಡ’ ಅಂದೆ.”

ಟೀಚರು ಕೈಯಲ್ಲಿದ್ದ ಪತ್ರಿಕೆಯ ಪುಟ ಮಗುಚುವುದನ್ನೇ ಮರೆತರು.

“ನಿನ್ನ ಒಳ್ಳೇದಕ್ಕೇ ಅಂದೆ ಕಣೇ.”

“ಗೊತ್ತು. ಆದ್ರೂ ನಾನು ಆಪರೇಷನ್ ಮಾಡಿಸ್ಕೊಳ್ಳಲ್ಲ. ಅದನ್ನ ಹೇಳೋಕೇ ಇವತ್ತು ಬಂದಿರೋದು. ಇನ್ಮೇಲೆ ನನ್ನ ಮೂಗಿನ ತಂಟೆಗೆ ಯಾರೂ ಬರೋ ಹಾಗಿಲ್ಲ. ನೀನೂ ಅಷ್ಟೇ.”

“ನಾಳೆ ಯಾರಾದ್ರೂ ನಕ್ರೆ?”

“ನಗ್ಲಿ. ಅವರ ಬಾಯಿ, ಅವರ ಹಲ್ಲು.”

ನರ್ಸ್ ಬಾಗಿಲಲ್ಲಿ ನಿಂತು ಹೆಸರು ಕೂಗಿದಳು. ಮಗಳು ತಟ್ಟನೆ ಎದ್ದಳು. ಅಮ್ಮ ಕೂತೇ ಇದ್ದಳು.

“ನನ್ನ ಮೂಗೂ ಹೀಗೇ ಇದೆಯಲ್ಲೇ,” ಎಂದಳು ಮೆಲ್ಲಗೆ. “ನಿಮ್ಮಜ್ಜಿ ಜೀವ ಇರೋವರೆಗೂ ಆಡ್ಕೊಂಡ್ರು.”

“ಹಾಗಾದ್ರೆ ಆ ಮೇಡಂ ಹತ್ರ ನೀನೂ ಒಂದ್ಸಲ ಬಾ.”

ಅಮ್ಮ ಚೀಲವನ್ನು ಹೆಗಲಿಗೇರಿಸಿಕೊಂಡು ಎದ್ದಳು.

“ಬರ್ತೀನಿ. ನಡಿ, ಮೊದಲು ಈ ಡಾಕ್ಟರಿಗೆ ಬೇಡ ಅಂತ ಹೇಳೋಣ.”