ಮೇಜರ್ ಶುಭಾಳ ಸೋಮವಾರ

ಪರೇಲಿನ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಿಗಾಗಿ ಕಾಯುತ್ತಿದ್ದ ರಾಜೀವಿಗೆ ಸುತ್ತಲಿನ ಮರಾಠಿಯ ನಡುವೆ ಹಿಂದಿನ ಬೆಂಚಿನಿಂದ ಕನ್ನಡ ಕೇಳಿಸಿತು. ಅಪ್ಪ, ಮಗಳು. ಮಗಳು ಸೈನ್ಯದಲ್ಲಿ ಮೇಜರ್ ಎಂಬುದು ಮಾತಿನಲ್ಲೇ ತಿಳಿಯಿತು. ರಾಜೀವಿ ತಿರುಗದೆ ಕಿವಿಗೊಟ್ಟಳು.

"ನಿಮ್ಮ ಹತ್ರ ಕಲಿಯೋಕೆ ಬಂದಿದ್ದ ಆ ಹೊರದೇಶದ ಸೈನಿಕರಿಗೆ ಟ್ರೈನಿಂಗ್ ಚೆನ್ನಾಗಾಯ್ತು ಅಂತ ಹೇಳ್ಬಿಡು ಶುಭಾ. ಜನರಲ್‌ಗೂ ಅದೇ ಬೇಕಾಗಿರೋದು."

"ಆಗಿಲ್ವಲ್ಲ ಅಪ್ಪ. ಅವರ ಯುದ್ಧ ಇರೋದು ಕಾಡಲ್ಲಿ. ನಾವು ಬಯಲಲ್ಲಿ ಕಲಿಸಿ, ಫೋಟೊ ತೆಗೆಸಿ ಕಳಿಸಿದ್ವಿ."

"ಅವರೇನೂ ದೂರಲಿಲ್ವಲ್ಲ."

"ಅತಿಥಿಗಳು ಹೇಗೆ ದೂರ್ತಾರೆ? ವಾಪಸ್ ಹೋದ ತಿಂಗಳಲ್ಲೇ ಮೂರು ಜನ ಸತ್ರು. ನಾವು ಕಲಿಸಿದ ಹಾಗೇ ಕಾಡಿಗೆ ನುಗ್ಗಿದ್ರಂತೆ."



"ನಿನ್ನ ಪ್ರಮೋಷನ್ ಗತಿ?"

"ಹೋದ್ರೆ ಹೋಗ್ಲಿ. ಮೊದಲು ನಾವು ಅಲ್ಲಿಗೆ ಹೋಗಿ ಅವರ ಜೊತೆ ಆ ಕಾಡಲ್ಲಿ ನಡೀಬೇಕು. ಕಲಿಸೋದು ಆಮೇಲೆ. ಸೋಮವಾರ ಜನರಲ್ ಎದುರಿಗೇ ಹೇಳ್ತೀನಿ."

"ಒಪ್ಪದೆ ಹೋದ್ರೆ?"

"ಮಂಗಳವಾರಾನೂ ಹೇಳ್ತೀನಿ."

ನರ್ಸ್ ಬಾಗಿಲಲ್ಲಿ ನಿಂತು ಕೇಶವಮೂರ್ತಿ ಎಂದು ಕರೆದಳು. ಅವರು ಮಗಳ ತೋಳು ಹಿಡಿದು ಎದ್ದರು.

"ಹಾಗಾದ್ರೆ ಆ ಮೂರು ಜನರ ಹೆಸರು ಹೇಳಿ ಶುರು ಮಾಡಮ್ಮ," ಎಂದರು.

ರಾಜೀವಿ ಕಾಲು ಮಡಚಿ ದಾರಿ ಬಿಟ್ಟಳು. ಇಬ್ಬರೂ ಒಳಗೆ ಹೋದರು.